ಬಹುವಚನದ ಪಕ್ಕ ಬೋಳು ಕ್ರಿಯಾಪದ ಯಾಕೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಹಳ್ಳಿಯ ಪ್ರೌಢಶಾಲೆಯ ಮೇಷ್ಟರು ಕೇಳುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗರು ಕೇಳುತ್ತಾರೆ, ಮಗಳ ಹೋಮ್‌ವರ್ಕ್ ನೋಡಲು ಕೂತ ತಾಯಂದಿರು ಕೇಳುತ್ತಾರೆ. ಒಂದು ಹಕ್ಕಿ ಹಾಡಿದರೆ ಇಂಗ್ಲಿಷಿನಲ್ಲಿ 'ದ ಬರ್ಡ್ ಸಿಂಗ್ಸ್' ಅನ್ನುತ್ತೇವೆ. ಹತ್ತು ಹಕ್ಕಿ ಹಾಡಿದರೆ 'ದ ಬರ್ಡ್ಸ್ ಸಿಂಗ್'. ಹಕ್ಕಿಗಳು ಹೆಚ್ಚಾದ ಕೂಡಲೇ ಕ್ರಿಯಾಪದದ ಕೊನೆಯಲ್ಲಿದ್ದ ಎಸ್ ಎಲ್ಲಿಗೆ ಹೋಯಿತು? 'ಟು ಸಿಂಗ್' ಅನ್ನುವಾಗ ಬರುವ 'ಸಿಂಗ್' ಇದೇ ಅಲ್ಲವೇ? ಹಾಗಾದರೆ ಬಹುವಚನದ ನಾಮಪದ ಬಂದಾಗಲೆಲ್ಲ ಇಂಗ್ಲಿಷ್ ಇನ್‌ಫಿನಿಟಿವ್ ರೂಪವನ್ನೇ ಬಳಸುತ್ತದೆಯೇ?

ನೇರವಾಗಿ ಹೇಳುವುದಾದರೆ, ಇಲ್ಲ. 'ದ ಬರ್ಡ್ಸ್ ಸಿಂಗ್' ಎನ್ನುವಲ್ಲಿರುವ 'ಸಿಂಗ್' ಇನ್‌ಫಿನಿಟಿವ್ ಅಲ್ಲ. ಅದು ಬಹುವಚನದ ಕರ್ತೃವಿಗೆ ಹೊಂದಿಕೊಂಡು ನಿಂತ ಪೂರ್ಣ ಕ್ರಿಯಾಪದ. ಅದರ ಪ್ರತ್ಯಯ ಕಾಲಾಂತರದಲ್ಲಿ ಬಿದ್ದುಹೋಗಿದೆ, ಅಷ್ಟೇ. ಆದರೆ ಬಹುವಚನದ ನಾಮಪದದ ಪಕ್ಕದಲ್ಲೇ ನಿಜವಾದ ಇನ್‌ಫಿನಿಟಿವ್ ಬಂದು ಕೂರುವ ಜಾಗಗಳೂ ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಎರಡೂ ನೋಡಲು ಒಂದೇ ಥರ ಇರುವುದರಿಂದ ಗೊಂದಲ. ಈ ಗೊಂದಲ ಬಿಡಿಸಿಕೊಂಡರೆ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಬರೆಯುವಾಗ ಮಾಡುವ ತಪ್ಪುಗಳಲ್ಲಿ ದೊಡ್ಡದೊಂದು ಪಾಲು ತಾನಾಗಿ ಸರಿಹೋಗುತ್ತದೆ ಎಂಬುದು ಪಾಠ ಮಾಡುತ್ತ ಮಾಡುತ್ತ ನನಗೆ ಮನದಟ್ಟಾಗಿರುವ ಮಾತು.

ಈ ಪ್ರಶ್ನೆ ಕನ್ನಡಿಗರಿಗೆ ಹುಟ್ಟುವುದು ಸಹಜ. ನಮ್ಮ ಕ್ರಿಯಾಪದ ತನ್ನ ಕರ್ತೃ ಯಾರೆಂದು ಹೇಳದೆ ಬಿಡುವುದಿಲ್ಲ. ಹಾಡುತ್ತೇನೆ, ಹಾಡುತ್ತೇವೆ, ಹಾಡುತ್ತೀಯ, ಹಾಡುತ್ತೀರಿ, ಹಾಡುತ್ತಾನೆ, ಹಾಡುತ್ತಾಳೆ, ಹಾಡುತ್ತಾರೆ, ಹಾಡುತ್ತದೆ, ಹಾಡುತ್ತವೆ. ವರ್ತಮಾನ ಕಾಲ ಒಂದರಲ್ಲೇ ಒಂಬತ್ತು ರೂಪ. ಧಾತುವಿಗೆ ಕಾಲಸೂಚಕ ಸೇರಿ, ಅದರ ಮೇಲೆ ಆಖ್ಯಾತ ಪ್ರತ್ಯಯ ಹತ್ತಿದರೇ ಕ್ರಿಯಾಪದ ಎಂದು ಪ್ರೌಢಶಾಲೆಯ ವ್ಯಾಕರಣದಲ್ಲಿ ಓದಿದ್ದೇವೆ. 'ಹಾಡಲು' ಹಾಗಲ್ಲ. ನಾನು ಹಾಡಲು ಬಂದೆ, ಅವಳು ಹಾಡಲು ಬಂದಳು, ಅವರು ಹಾಡಲು ಬಂದರು. ಬರುವವರು ಯಾರಾದರೂ 'ಹಾಡಲು' ಬದಲಾಗುವುದಿಲ್ಲ. ಅದಕ್ಕೇ ನಮ್ಮ ವ್ಯಾಕರಣ ಅದನ್ನು ಕೃದಂತಾವ್ಯಯವೆಂದು ಬೇರೆ ಇಟ್ಟಿದೆ. ಇಂಗ್ಲಿಷಿನ ಇನ್‌ಫಿನಿಟಿವ್ ಹೆಚ್ಚುಕಡಿಮೆ ಇಂಥದ್ದೇ. ಅದಕ್ಕೆ ಲಿಂಗ ವಚನಗಳ ಹಂಗಿಲ್ಲ, ಕೆಲಸದ ಹೆಸರಷ್ಟೇ ಅದರಲ್ಲಿದೆ. ಕನ್ನಡದಲ್ಲಿ 'ಹಾಡುತ್ತವೆ', 'ಹಾಡಲು' ಇವೆರಡನ್ನು ಚಿಕ್ಕ ಮಗುವೂ ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ 'ಸಿಂಗ್' ಎಂಬ ಒಂದೇ ಬೋಳು ರೂಪ.

ಟ್ಯೂಷನ್ ಮನೆಗಳಲ್ಲಿ ಇದಕ್ಕೊಂದು ಸೂತ್ರ ಹೇಳಿಕೊಡುತ್ತಾರೆ. ಎಸ್ ಒಂದೇ ಇರುವುದು, ಅದನ್ನು ನಾಮಪದಕ್ಕೆ ಹಚ್ಚಿದರೆ ಕ್ರಿಯಾಪದಕ್ಕೆ ಬೇಡ, ಕ್ರಿಯಾಪದಕ್ಕೆ ಹಚ್ಚಿದರೆ ನಾಮಪದಕ್ಕೆ ಬೇಡ. ಮಕ್ಕಳಿಗೆ ಇದು ಬಲು ಇಷ್ಟ, ಯಾಕೆಂದರೆ ನೆನಪಿಟ್ಟುಕೊಳ್ಳಲು ಸುಲಭ. ಆದರೆ 'ದ ಚಿಲ್ಡ್ರನ್ ಸಿಂಗ್' ಎನ್ನುವಲ್ಲಿ ಎಸ್ ಎಲ್ಲಿದೆ? ಎರಡೂ ಕಡೆ ಇಲ್ಲ. 'ದ ಗ್ಲಾಸ್ ಬ್ರೇಕ್ಸ್' ಎನ್ನುವಲ್ಲಿ ಎರಡೂ ಕಡೆ ಎಸ್. 'ಐ ಸಿಂಗ್' ಎಂದಾಗ ಹಾಡುವವನು ಒಬ್ಬನೇ, ಆದರೂ ಎಸ್ ಇಲ್ಲ. ಸೂತ್ರ ಹೀಗೆ ಕೈಕೊಡುವುದಕ್ಕೆ ಕಾರಣವಿದೆ. ನಾಮಪದದ ಎಸ್‌ಗೂ ಕ್ರಿಯಾಪದದ ಎಸ್‌ಗೂ ಯಾವ ನಂಟೂ ಇಲ್ಲ. ಒಂದು ಬಹುವಚನದ ಪ್ರತ್ಯಯ. ಇನ್ನೊಂದು ಪ್ರಥಮ ಪುರುಷ ಏಕವಚನದ, ಅಂದರೆ ಅವನು, ಅವಳು, ಅದು ಕರ್ತೃವಾದಾಗ ಬರುವ ಪ್ರತ್ಯಯ. ಎರಡರ ಸದ್ದು ಒಂದಾಗಿರುವುದು ಇತಿಹಾಸದ ಆಕಸ್ಮಿಕ. ಒಂದರಿಂದ ತೆಗೆದು ಇನ್ನೊಂದಕ್ಕೆ ಅಂಟಿಸುವ ಲೆಕ್ಕ ಅಲ್ಲಿ ಎಂದೂ ಇರಲಿಲ್ಲ.

ಒಂದು ಸಲ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮಕ್ಕಳ ಜೊತೆ ಮಾತಾಡುವಾಗ ಬೋರ್ಡಿನ ಎಡಗಡೆ 'ಹಾಡು' ಧಾತುವಿನ ರೂಪಗಳನ್ನು ಬರೆಯುತ್ತ ಹೋದೆ. ಮಕ್ಕಳು ಒಂದೊಂದಾಗಿ ಕೂಗಿ ಹೇಳಿದರು, ಬೋರ್ಡು ತುಂಬಿತು. ಬಲಗಡೆ ಇಂಗ್ಲಿಷ್. ಐ ಸಿಂಗ್, ವಿ ಸಿಂಗ್, ಯು ಸಿಂಗ್, ದೆ ಸಿಂಗ್. ಎಲ್ಲ ಬೋಳು. 'ಹಿ, ಶಿ, ಇಟ್' ಇದ್ದ ಸಾಲಿನಲ್ಲಿ ಮಾತ್ರ 'ಸಿಂಗ್ಸ್'. ಬಹುವಚನಕ್ಕೆ ಮೂಲರೂಪವನ್ನೇ ಹಾಕಿಬಿಟ್ಟಿದ್ದಾರೆ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮೂಲರೂಪಾನೇ ಹಾಕೋದಾದ್ರೆ 'ದೆ ಬಿ' ಅನ್ಬೇಕಿತ್ತಲ್ಲ? ಯಾಕೆ 'ದೆ ಆರ್' ಅಂತೀವಿ?" ಎಂದಳು. ವ್ಯಾಕರಣ ಬಲ್ಲವರು ಕೊಡುವ ಪುರಾವೆ ಇದೇ. ಆ ಹುಡುಗಿ ಅದನ್ನು ಯಾವ ಪುಸ್ತಕದ ನೆರವೂ ಇಲ್ಲದೆ ತಾನೇ ಕಂಡುಕೊಂಡಳು.

ಅವಳ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಇಂಗ್ಲಿಷಿನ ಉಳಿದೆಲ್ಲ ಕ್ರಿಯಾಪದಗಳಲ್ಲಿ ಇನ್‌ಫಿನಿಟಿವ್ ಮತ್ತು ವರ್ತಮಾನದ ಬಹುವಚನ ಒಂದೇ ರೂಪದಲ್ಲಿರುವುದರಿಂದ ಯಾವುದು ಯಾವುದೆಂದು ಕಣ್ಣಿಗೆ ಕಾಣುವುದಿಲ್ಲ. 'ಬಿ' ಎಂಬ ಒಂದೇ ಒಂದು ಕ್ರಿಯಾಪದದಲ್ಲಿ ಮಾತ್ರ ಎರಡೂ ಬೇರೆಯಾಗಿ ಉಳಿದಿವೆ. ಇನ್‌ಫಿನಿಟಿವ್ 'ಬಿ', ಬಹುವಚನ 'ಆರ್'. ಬಹುವಚನದ ನಾಮಪದಕ್ಕೆ ಇನ್‌ಫಿನಿಟಿವ್ ಬೇಕು ಎಂಬುದು ನಿಜವೇ ಆಗಿದ್ದರೆ 'ದ ಬಾಯ್ಸ್ ಬಿ ಹ್ಯಾಪಿ' ಅನ್ನಬೇಕಿತ್ತು. ನಾವು ಅನ್ನುವುದು 'ದ ಬಾಯ್ಸ್ ಆರ್ ಹ್ಯಾಪಿ'. ಅಲ್ಲಿಗೆ ಆ ವಾದ ಬಿದ್ದುಹೋಯಿತು. 'ಡೂ', 'ಡಸ್' ಇಲ್ಲದ ವಾಕ್ಯದಲ್ಲಿ ಅನುಮಾನ ಬಂದರೆ ಬೋಳು ಕ್ರಿಯಾಪದವನ್ನು ತೆಗೆದು ಆ ಜಾಗದಲ್ಲಿ 'ಬಿ' ಇಟ್ಟು ನೋಡಿ. ಅದು 'ಆರ್' ಆಗಿ ಬದಲಾದರೆ ಅಲ್ಲಿದ್ದದ್ದು ಪೂರ್ಣ ಕ್ರಿಯಾಪದ. 'ಬಿ' ಆಗಿಯೇ ಉಳಿದರೆ ಇನ್‌ಫಿನಿಟಿವ್. ಇಂಗ್ಲಿಷ್ ಪತ್ರಿಕೆ ಓದುವವರು 'ದ ಪವರ್ಸ್ ದಟ್ ಬಿ' ಎಂಬ ನುಡಿಗಟ್ಟನ್ನು ಕಂಡಿರಬಹುದು, ಅಧಿಕಾರದಲ್ಲಿರುವವರು ಎಂಬ ಅರ್ಥದ್ದು. ಅಲ್ಲಿ ಬಹುವಚನದ ಜೊತೆ 'ಬಿ' ಇದೆಯಲ್ಲ ಎನ್ನಬೇಡಿ. ಒಂದು ಕಾಲಕ್ಕೆ ದಕ್ಷಿಣ ಇಂಗ್ಲೆಂಡಿನಲ್ಲಿ ಬಹುವಚನಕ್ಕೆ 'ಆರ್' ಬದಲು ಬಳಕೆಯಲ್ಲಿದ್ದ ಪೂರ್ಣ ಕ್ರಿಯಾಪದದ ರೂಪವೇ ಅದು. ಹದಿನಾರನೇ ಶತಮಾನದ ಬೈಬಲ್ ಅನುವಾದದ ಮೂಲಕ ನುಡಿಗಟ್ಟಾಗಿ ಉಳಿದುಕೊಂಡಿದೆ.

ಹಾಗಾದರೆ ಬಹುವಚನದ ಪ್ರತ್ಯಯ ಹೋದದ್ದಾದರೂ ಎಲ್ಲಿಗೆ? ಅದಕ್ಕೆ ಹಳೆಯ ಇಂಗ್ಲೆಂಡಿಗೆ ಹೋಗಬೇಕು. ಒಂಬತ್ತನೇ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ಆಳುತ್ತಿದ್ದ ಕಾಲದ ಇಂಗ್ಲಿಷ್ ಕನ್ನಡದ ಹಾಗೆಯೇ ಪ್ರತ್ಯಯಗಳಿಂದ ತುಂಬಿತ್ತು. ಆಗ ಇನ್‌ಫಿನಿಟಿವ್ 'ಸಿಂಗನ್'. ನಾನು ಹಾಡಿದರೆ 'ಸಿಂಗೆ', ನೀನು ಹಾಡಿದರೆ 'ಸಿಂಗೆಸ್ಟ್', ಅವನು ಹಾಡಿದರೆ 'ಸಿಂಗೆಥ್', ನಾವು, ನೀವು, ಅವರು ಯಾರು ಹಾಡಿದರೂ 'ಸಿಂಗಥ್'. ಹಕ್ಕಿಗಳು ಹಾಡುವುದು 'ಸಿಂಗಥ್', ಹಾಡಲು ಎನ್ನುವುದು 'ಸಿಂಗನ್'. ಆ ಕಾಲದ ಯಾವ ಮಗುವಿಗೂ ನಮ್ಮ ಪತ್ರದವರ ಪ್ರಶ್ನೆ ಹೊಳೆಯುತ್ತಿರಲಿಲ್ಲ.

ಇಂಗ್ಲಿಷ್ ಮಾತಿನಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಪದದ ಮೊದಲಿಗೆ. ಹಳೆಯ ಮನೆಯ ಹೊಸ್ತಿಲು ಕಾಲು ತಾಗಿ ತಾಗಿ ಸವೆಯುವಂತೆ, ಒತ್ತಿಲ್ಲದ ಕೊನೆಯ ಸ್ವರಗಳು ತಲೆಮಾರಿನಿಂದ ತಲೆಮಾರಿಗೆ ಸವೆದವು. 'ಅನ್', 'ಒನ್', 'ಎನ್' ಎಂದು ಬೇರೆ ಬೇರೆ ಕೇಳುತ್ತಿದ್ದ ಪ್ರತ್ಯಯಗಳೆಲ್ಲ 'ಎನ್' ಎಂಬ ಒಂದೇ ಸದ್ದಾದವು. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಭಾಷೆಯೊಂದಿಗೆ ನಡೆದ ಒಡನಾಟವೂ ಈ ಸವೆತಕ್ಕೆ ವೇಗ ಕೊಟ್ಟಿತೆಂದು ಭಾಷಾ ಇತಿಹಾಸಕಾರರು ಹೇಳುತ್ತಾರೆ. ಇಂದು ಇಂಗ್ಲಿಷಿನಲ್ಲಿರುವ 'ದೆ' ಎಂಬ ಸರ್ವನಾಮವೇ ಆ ಜನರಿಂದ ಬಂದದ್ದು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಆಡಳಿತ ಫ್ರೆಂಚಿನಲ್ಲೂ ಲ್ಯಾಟಿನ್ನಿನಲ್ಲೂ ನಡೆಯಿತು. ಇಂಗ್ಲಿಷನ್ನು ಒಂದೇ ರೀತಿ ಬರೆಯಬೇಕೆಂದು ಹಿಡಿದಿಡುವ ಕಟ್ಟು ಸಡಿಲಾಯಿತು. ಆಮೇಲಿನ ಬರಹಗಳಲ್ಲಿ ಪ್ರದೇಶಕ್ಕೊಂದು ಬಹುವಚನ ಕಾಣುತ್ತದೆ. ದಕ್ಷಿಣದವರು 'ಎಥ್' ಎಂದರು, ಉತ್ತರದವರು 'ಎಸ್' ಎಂದರು, ಮಧ್ಯದ ಸೀಮೆಯವರು 'ಎನ್' ಎಂದರು.

ಲಂಡನ್ನಿನ ಬರಹದಲ್ಲಿ ಗೆದ್ದದ್ದು ಮಧ್ಯದ ಸೀಮೆಯ 'ಎನ್'. ಹದಿನಾಲ್ಕನೇ ಶತಮಾನದ ಕವಿ ಚಾಸರ್ ಬರೆದದ್ದು ಈ ಇಂಗ್ಲಿಷಿನಲ್ಲಿ. ಹಕ್ಕಿಗಳು ಹಾಡುವುದೂ 'ಸಿಂಗೆನ್', ಹಾಡಲು ಎನ್ನುವುದೂ 'ಸಿಂಗೆನ್'. ಎರಡು ರೂಪಗಳು ಒಂದಾಗಿ ಕಾಣತೊಡಗಿದ್ದು ಇಲ್ಲಿಂದ. ಆಮೇಲೆ ಕೊನೆಯ ನಕಾರ ಉದುರಿತು, ಅದರ ಹಿಂದೆಯೇ ಎಕಾರವೂ ಹೋಯಿತು. ಉಳಿದದ್ದು ಬರೀ 'ಸಿಂಗ್'. ಎರಡು ಬೇರೆ ದಾರಿಯಿಂದ ಬಂದ ಪದಗಳು ಒಂದೇ ರೂಪಕ್ಕೆ ಬಂದು ನಿಂತವು.

ಈ ನಷ್ಟಕ್ಕೆ ಮರುಗಿದವರೂ ಇದ್ದರು. ಶೇಕ್ಸ್‌ಪಿಯರನ ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ಇಂಗ್ಲಿಷಿಗೊಂದು ವ್ಯಾಕರಣ ಬರೆದಿದ್ದ. ಅವನು ತೀರಿಕೊಂಡದ್ದು 1637ರಲ್ಲಿ, ಪುಸ್ತಕ ಅಚ್ಚಾದದ್ದು 1640ರಲ್ಲಿ. ಹೆಚ್ಚುಕಡಿಮೆ ಎಂಟನೇ ಹೆನ್ರಿಯ ಆಳ್ವಿಕೆಯವರೆಗೆ ಕ್ರಿಯಾಪದದ ಬಹುವಚನಕ್ಕೆ 'ಎನ್' ಸೇರಿಸುವ ರೂಢಿ ಇತ್ತು, ಈಗ ಅದು ಪೂರ್ತಿ ಬಿಟ್ಟುಹೋಗಿದೆ, ಅದನ್ನು ಮತ್ತೆ ತರುವ ಧೈರ್ಯ ತನಗಿಲ್ಲ, ಆದರೆ ಅದಿಲ್ಲದಿರುವುದು ನಮ್ಮ ನುಡಿಗೆ ದೊಡ್ಡ ಕೊರತೆ ಎಂಬ ಅರ್ಥದ ಮಾತು ಅದರಲ್ಲಿದೆ. ಎಂಟನೇ ಹೆನ್ರಿ ಆಳಿದ್ದು 1509ರಿಂದ 1547ರವರೆಗೆ. ನಮ್ಮ ಮಕ್ಕಳು ಬೋರ್ಡಿನ ಮುಂದೆ ಕೇಳಿದ ಪ್ರಶ್ನೆಯ ಬಿಸಿ ಆ ದೊಡ್ಡ ನಾಟಕಕಾರನಿಗೂ ತಟ್ಟಿತ್ತು ಎಂಬುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

ಉಳಿದ ಪ್ರತ್ಯಯಗಳ ಕತೆಯೂ ಹೀಗೇ. 'ನೀನು' ಎಂಬುದಕ್ಕೆ ಇಂಗ್ಲಿಷಿನಲ್ಲಿದ್ದ 'ದೌ' ಎಂಬ ಪದ, ಅದರ ಜೊತೆಗಿದ್ದ 'ಸಿಂಗೆಸ್ಟ್' ರೂಪ, ಎರಡೂ ಬಳಕೆ ತಪ್ಪಿದವು. ಯಾಕೆಂದರೆ ಮರ್ಯಾದೆಗೆಂದು ಬಹುವಚನದ 'ಯು' ಬಳಸುವ ಅಭ್ಯಾಸ ಬೆಳೆದು ಬೆಳೆದು ಕೊನೆಗೆ ಎಲ್ಲರಿಗೂ ಅದೇ ಆಯಿತು. ನಾವು ಹಿರಿಯರನ್ನು 'ನೀವು' ಎನ್ನುವಂತೆಯೇ ಅದು ಶುರುವಾದದ್ದು. ನಾವು 'ನೀನು' ಉಳಿಸಿಕೊಂಡೆವು, ಅವರು ಬಿಟ್ಟರು. ಅವನು, ಅವಳು, ಅದು ಎಂಬಲ್ಲಿ ಇದ್ದ 'ಎಥ್' ಹದಿನಾರು ಹದಿನೇಳನೇ ಶತಮಾನಗಳಲ್ಲಿ ಹಿಂದೆ ಸರಿದು, ಉತ್ತರದ ಆಡುಮಾತಿನ 'ಎಸ್' ಲಂಡನ್ನಿನಲ್ಲೂ ನೆಲೆಯೂರಿತು. 1611ರಲ್ಲಿ ಬಂದ ಕಿಂಗ್ ಜೇಮ್ಸ್ ಬೈಬಲ್ ಹಳೆಯ 'ಎಥ್' ಅನ್ನೇ ಇಟ್ಟುಕೊಂಡಿತ್ತು, ಅದೇ ಕಾಲದ ನಾಟಕಗಳಲ್ಲಿ ಎರಡೂ ಸಿಗುತ್ತವೆ. ಇವತ್ತು ಪರೀಕ್ಷೆಯಲ್ಲಿ ಅಂಕ ಕಳೆಯಲು ಕಾರಣವಾಗುವ ಆ ಒಂದಕ್ಷರ ಒಂದು ಕಾಲಕ್ಕೆ ಉತ್ತರ ಸೀಮೆಯ ಗ್ರಾಮ್ಯ ನುಡಿಯಾಗಿತ್ತು.

ಈಗ ಇರುವ ಸ್ಥಿತಿ ಹೀಗಿದೆ: ಇಂಗ್ಲಿಷಿನ ವರ್ತಮಾನ ಕಾಲದಲ್ಲಿ ಎಲ್ಲ ಜಾಗಗಳೂ ಬೋಳು, ಒಂದು ಜಾಗಕ್ಕೆ ಮಾತ್ರ ಎಸ್. ಹಾಗಾಗಿ 'ಬಹುವಚನಕ್ಕೆ ಎಸ್ ತೆಗೆಯಬೇಕು' ಎಂದು ಕಲಿಸುವುದು ತಲೆಕೆಳಗಾದ ಪಾಠ. ಬಹುವಚನದಿಂದ ಯಾರೂ ಏನನ್ನೂ ತೆಗೆದಿಲ್ಲ. ನಾನು, ನಾವು, ನೀವು, ಅವರು ಎಲ್ಲರೂ ಒಂದೇ ಗುಂಪು. ಒಂಟಿಯಾಗಿ ನಿಂತಿರುವುದು ಅವನು, ಅವಳು, ಅದು. ಹೀಗೆ ಹೇಳಿದರೆ ಮಗು ನೆನಪಿಡಬೇಕಾದದ್ದು ಒಂದೇ ವಿಷಯ.

ಇಂಗ್ಲಿಷ್ ನೆಲದಲ್ಲೇ ಈ ವ್ಯವಸ್ಥೆ ಎಲ್ಲೆಡೆ ಒಂದೇ ಥರ ಇಲ್ಲ. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ಆಡುಮಾತಿನಲ್ಲಿ ಬಹುವಚನದ ನಾಮಪದ ಬಂದರೆ ಕ್ರಿಯಾಪದಕ್ಕೆ ಎಸ್ ಹತ್ತುತ್ತದೆ, 'ದ ಬರ್ಡ್ಸ್ ಸಿಂಗ್ಸ್' ಎನ್ನುತ್ತಾರೆ. ಆದರೆ ಸರ್ವನಾಮ ಬಂದು ಕ್ರಿಯಾಪದದ ಪಕ್ಕದಲ್ಲೇ ನಿಂತರೆ 'ದೆ ಸಿಂಗ್'. ಮಧ್ಯಯುಗದಿಂದ ನಡೆದುಬಂದ ಈ ಪದ್ಧತಿಗೆ ಭಾಷಾವಿಜ್ಞಾನಿಗಳು 'ನಾರ್ದರ್ನ್ ಸಬ್ಜೆಕ್ಟ್ ರೂಲ್' ಎಂದು ಹೆಸರಿಟ್ಟಿದ್ದಾರೆ. ಪೂರ್ವ ಇಂಗ್ಲೆಂಡಿನ ನಾರ್ವಿಚ್ ಊರಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ದುಡಿಯುವ ಜನರ ಮಾತಿನಲ್ಲಿ 'ಹಿ ಗೋ', 'ಶಿ ಸಿಂಗ್' ಸಾಮಾನ್ಯ. ಪೀಟರ್ ಟ್ರಡ್ಗಿಲ್ 1974ರಲ್ಲಿ ಪ್ರಕಟಿಸಿದ ನಾರ್ವಿಚ್ ಅಧ್ಯಯನದಲ್ಲಿ ಇದು ವಿವರವಾಗಿ ದಾಖಲಾಗಿದೆ. ಒಂದು ಕಡೆ ಬಹುವಚನಕ್ಕೂ ಎಸ್ ಉಂಟು, ಇನ್ನೊಂದು ಕಡೆ ಏಕವಚನಕ್ಕೂ ಇಲ್ಲ. ಶಾಲೆಯ ಇಂಗ್ಲಿಷ್ ಇವೆರಡರ ನಡುವಿನ ಒಂದು ಏರ್ಪಾಡು.

ಇನ್ನು ಬಹುವಚನದ ಪಕ್ಕದಲ್ಲಿ ನಿಜವಾಗಿಯೂ ಇನ್‌ಫಿನಿಟಿವ್ ಬರುವ ಜಾಗಗಳನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚು ಎದುರಾಗುವುದು ಪ್ರಶ್ನೆಯಲ್ಲಿ. 'ಡೂ ದ ಬರ್ಡ್ಸ್ ಸಿಂಗ್?' ಇಲ್ಲಿ ವರ್ತಮಾನದ ಭಾರ, ವಚನದ ಭಾರ ಎರಡನ್ನೂ 'ಡೂ' ಹೊತ್ತಿದೆ. 'ಸಿಂಗ್' ಬರೀ ಇನ್‌ಫಿನಿಟಿವ್. ಪರೀಕ್ಷೆ ಸುಲಭ. ಹಕ್ಕಿಗಳನ್ನು ಒಂದು ಹಕ್ಕಿ ಮಾಡಿ ನೋಡಿ. 'ಡಸ್ ದ ಬರ್ಡ್ ಸಿಂಗ್?' ಆಯಿತು. 'ಡೂ' ಬದಲಾಯಿತು, 'ಸಿಂಗ್' ಅಲ್ಲಾಡಲಿಲ್ಲ. 'ಡಸ್ ದ ಬರ್ಡ್ ಸಿಂಗ್ಸ್?' ಎಂದು ನಮ್ಮ ಮಕ್ಕಳು ಬರೆಯುತ್ತಾರಲ್ಲ, ಅದು ಎಸ್ ಅನ್ನು ಎರಡೆರಡು ಸಲ ಕೊಟ್ಟಂತೆ. ಏಕವಚನಕ್ಕೆ ಎಸ್ ಬೇಕು ಎಂದು ಮಾತ್ರ ಕಲಿತ ಮಗು ಹಾಗೆ ಬರೆಯುವುದರಲ್ಲಿ ತರ್ಕವಿದೆ. ಒಂದು ವಾಕ್ಯದಲ್ಲಿ ಕರ್ತೃವಿಗೆ ಹೊಂದಿಕೊಳ್ಳುವ ಕ್ರಿಯಾಪದ ಒಂದೇ, ಉಳಿದದ್ದು ಇನ್‌ಫಿನಿಟಿವ್ ಎಂದು ಹೇಳಿಕೊಟ್ಟರೆ ಅದೇ ಮಗು ಸರಿಯಾಗಿ ಬರೆಯುತ್ತದೆ.

ಎರಡನೆಯದು ನೋಡು, ಕೇಳು, ಬಿಡು, ಮಾಡಿಸು ಎಂಬ ಅರ್ಥದ ಕ್ರಿಯಾಪದಗಳ ಜೊತೆ. 'ಐ ಸಾ ದ ಬಾಯ್ಸ್ ಕಮ್', 'ಲೆಟ್ ದ ಬಾಯ್ಸ್ ಗೋ', 'ಶಿ ಮೇಡ್ ದ ಬಾಯ್ಸ್ ವರ್ಕ್'. ಇಲ್ಲಿ 'ಬಾಯ್ಸ್' ಆದ ಕೂಡಲೇ ಬೋಳು ಕ್ರಿಯಾಪದ ಇದೆ. ಆದರೆ ಒಬ್ಬನೇ ಹುಡುಗ ಆದರೂ 'ಐ ಸಾ ದ ಬಾಯ್ ಕಮ್' ಎಂದೇ, 'ಕಮ್ಸ್' ಅಲ್ಲ. ಸರ್ವನಾಮ ಹಾಕಿದರೆ ಗುಟ್ಟು ಇನ್ನೂ ಬಯಲಾಗುತ್ತದೆ. 'ದೆ ಕಮ್' ಎನ್ನುವ ಭಾಷೆಯೇ ಇಲ್ಲಿ 'ಐ ಸಾ ದೆಮ್ ಕಮ್' ಎನ್ನುತ್ತದೆ. ಹುಡುಗರು ಇಲ್ಲಿ 'ಲೆಟ್'ನ, 'ಮೇಡ್'ನ ಕರ್ಮ. ಕನ್ನಡದಲ್ಲಿ 'ಹುಡುಗರನ್ನು ಹೋಗಲು ಬಿಡು' ಎನ್ನುವಾಗ ದ್ವಿತೀಯಾ ವಿಭಕ್ತಿ ಇದನ್ನು ಎದ್ದು ಕಾಣುವಂತೆ ಹೇಳಿಬಿಡುತ್ತದೆ. ಇಂಗ್ಲಿಷಿನ ನಾಮಪದ ವಿಭಕ್ತಿ ಕಳೆದುಕೊಂಡಿರುವುದರಿಂದ 'ಬಾಯ್ಸ್' ಕರ್ತೃವೋ ಕರ್ಮವೋ ಎಂದು ಅದರ ಮುಖ ನೋಡಿ ಹೇಳಲಾಗದು. 'ಬಿ' ಪರೀಕ್ಷೆಯೂ ಇಲ್ಲಿ ನಿಲ್ಲುತ್ತದೆ: 'ಲೆಟ್ ದ ಬಾಯ್ಸ್ ಬಿ ಹ್ಯಾಪಿ'. ಇಲ್ಲಿ 'ಆರ್' ಬರುವುದಿಲ್ಲ.

ಮೂರನೆಯದು ನಾಮಪದದ ಹಿಂದೆಯೇ 'ಟು' ಹಿಡಿದು ಬರುವ ಇನ್‌ಫಿನಿಟಿವ್. 'ಕ್ಲೋತ್ಸ್ ಟು ವಾಶ್', 'ಲೆಟರ್ಸ್ ಟು ರೈಟ್', 'ಥಿಂಗ್ಸ್ ಟು ಡೂ'. ಇವು ನಾಮಪದವನ್ನು ಬಣ್ಣಿಸುತ್ತವೆ. ಕನ್ನಡದಲ್ಲಿ ಬಣ್ಣಿಸುವ ಮಾತು ಮುಂದೆ ಬರುತ್ತದೆ, ನಾಮಪದ ಆಮೇಲೆ: ಒಗೆಯಬೇಕಾದ ಬಟ್ಟೆ, ಬರೆಯಬೇಕಾದ ಕಾಗದ. ಹಾಗಾಗಿ ನಮ್ಮ ಮಕ್ಕಳಿಗೆ ಇಲ್ಲಿ ತೊಡಕಾಗುವುದು ಪದಗಳ ಕ್ರಮ. ಇಲ್ಲೂ ವಚನ ಲೆಕ್ಕಕ್ಕಿಲ್ಲ. ಒಂದು ಕಾಗದವಾದರೂ 'ಎ ಲೆಟರ್ ಟು ರೈಟ್'. ಇಂಗ್ಲಿಷ್ ಪತ್ರಿಕೆಗಳ ತಲೆಬರಹದಲ್ಲಿ 'ಸ್ಕೂಲ್ಸ್ ಟು ರಿಓಪನ್ ಆನ್ ಮಂಡೇ' ಎಂದು ಕಾಣುತ್ತದಲ್ಲ, ಅದು ಮಾತ್ರ ಸ್ವಲ್ಪ ಬೇರೆ. ಅದರ ನಡುವೆ ಒಂದು 'ಆರ್' ಅಡಗಿದೆ. ಜಾಗ ಉಳಿಸಲು ಅದನ್ನು ಬಿಡುತ್ತಾರೆ, ಉಳಿದ 'ಟು' ಮುಂದೆ ನಡೆಯಲಿರುವುದನ್ನು ಹೇಳುತ್ತದೆ.

ಇನ್ನೊಂದು ತಪ್ಪು ನಮ್ಮಲ್ಲಿ ಬಹಳ ಸಾಮಾನ್ಯ. 'ಒನ್ ಆಫ್ ದ ಬಾಯ್ಸ್ ಸಿಂಗ್' ಎಂದು ಪದವೀಧರರೂ ಬರೆಯುತ್ತಾರೆ. ಕ್ರಿಯಾಪದದ ಪಕ್ಕದಲ್ಲೇ 'ಬಾಯ್ಸ್' ಇರುವುದರಿಂದ ಬೋಳು ರೂಪ ತಾನಾಗಿ ಬಾಯಿಗೆ ಬರುತ್ತದೆ. ಆದರೆ ಹಾಡುವವನು ಒಬ್ಬ, ಆದ್ದರಿಂದ 'ಒನ್ ಆಫ್ ದ ಬಾಯ್ಸ್ ಸಿಂಗ್ಸ್' ಎನ್ನಬೇಕು. ಬಹುವಚನದ ನಾಮಪದದ ಪಕ್ಕದಲ್ಲೇ ಎಸ್ ಇರುವ ಕ್ರಿಯಾಪದ. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಮುಖ್ಯವಲ್ಲ, ಕರ್ತೃ ಯಾರು ಎಂಬುದು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕನ್ನಡದಲ್ಲಿ ಈ ತೊಂದರೆಯೇ ಇಲ್ಲ. 'ಹುಡುಗರಲ್ಲಿ ಒಬ್ಬ ಹಾಡುತ್ತಾನೆ' ಎನ್ನುವಾಗ 'ಒಬ್ಬ' ಬಂದು ಕ್ರಿಯಾಪದದ ಪಕ್ಕವೇ ನಿಲ್ಲುತ್ತಾನೆ. ಅನುಮಾನ ಬಂದಾಗ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಕ್ರಿಯಾಪದದ ಪಕ್ಕ ಯಾರಿದ್ದಾರೆಂದು ನೋಡಲು ನಾನು ಮಕ್ಕಳಿಗೆ ಹೇಳುತ್ತೇನೆ.

ಕನ್ನಡ ಗೊತ್ತಿರುವುದು ಇಂಗ್ಲಿಷ್ ಕಲಿಯಲು ಅಡ್ಡಿ ಎಂದು ನಂಬಿದವರು ಬಹಳ. ಈ ವಿಷಯದಲ್ಲಂತೂ ಅದು ಶುದ್ಧ ತಪ್ಪು. ಕರ್ತೃ ಯಾರಾದರೂ ಬದಲಾಗದ ರೂಪವನ್ನು ನಮ್ಮ ಮಕ್ಕಳು ದಿನವೂ ಆಡುತ್ತಾರೆ. ಹಕ್ಕಿ ಹಾಡಲಿಲ್ಲ, ಹಕ್ಕಿಗಳು ಹಾಡಲಿಲ್ಲ, ನಾನು ಹಾಡಲಿಲ್ಲ. ಅವನು ಹಾಡಬೇಕು, ಅವರು ಹಾಡಬೇಕು, ಅವಳು ಹಾಡಬಹುದು, ನೀವು ಹಾಡಬಹುದು. 'ಹಾಡಲ್' ಎಂಬುದಕ್ಕೆ 'ಇಲ್ಲ' ಸೇರಿ 'ಹಾಡಲಿಲ್ಲ' ಆಗಿದೆ. ಇಂಗ್ಲಿಷಿನ 'ಡಿಡ್ ನಾಟ್ ಸಿಂಗ್', 'ಮಸ್ಟ್ ಸಿಂಗ್', 'ಮೇ ಸಿಂಗ್' ಇವುಗಳ ಕಟ್ಟಡ ಇದೇ ಜಾತಿಯದು. ಹಿಂದೆ ಕನ್ನಡದ ನಿಷೇಧ ರೂಪಕ್ಕೂ ಆಖ್ಯಾತ ಪ್ರತ್ಯಯಗಳಿದ್ದವು. ಅವನು ಹಾಡನು, ಅವಳು ಹಾಡಳು, ಅವರು ಹಾಡರು, ಹಕ್ಕಿಗಳು ಹಾಡವು. ಬರಹದಲ್ಲಿ ಇವು ಇನ್ನೂ ಅಲ್ಲಲ್ಲಿ ಉಳಿದಿವೆ, ಆಡುಮಾತಿನಲ್ಲಿ ಬಹುಮಟ್ಟಿಗೆ 'ಇಲ್ಲ' ಬಂದು ಆ ಜಾಗ ಹಿಡಿದಿದೆ. ಪ್ರತ್ಯಯ ಕಳೆದುಕೊಳ್ಳುವುದು ಇಂಗ್ಲಿಷಿನ ರೋಗವಲ್ಲ, ಬದುಕಿರುವ ಭಾಷೆಗಳೆಲ್ಲ ನಡೆಯುವ ದಾರಿ. 'ಹುಡುಗ ಬರಬೇಕು, ಹುಡುಗರು ಬರಬೇಕು' ಎಂದು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ 'ದ ಬಾಯ್ ಮಸ್ಟ್ ಕಮ್, ದ ಬಾಯ್ಸ್ ಮಸ್ಟ್ ಕಮ್' ಎಂದು ಬರೆದರೆ, ಇನ್‌ಫಿನಿಟಿವ್ ಎಂದರೇನೆಂದು ಬೇರೆ ಪಾಠ ಬೇಕಾಗುವುದಿಲ್ಲ.

ಇಂಗ್ಲಿಷ್ ತಾಯ್ನುಡಿಯಾದ ಮಕ್ಕಳಿಗೂ ಈ ಎಸ್ ಬೇಗ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಮೂರು ಮಕ್ಕಳ ಮಾತು ಬೆಳೆದ ಬಗೆಯನ್ನು ಹಿಂಬಾಲಿಸಿ 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ನಾಮಪದದ ಬಹುವಚನದ ಎಸ್ ಆ ಮಕ್ಕಳಿಗೆ ಮೊದಮೊದಲೇ ಬಂದಿತು, ಕ್ರಿಯಾಪದದ ಎಸ್ ಬಹಳ ತಡವಾಗಿ ಬಂದಿತು ಎಂದು ತೋರಿಸಿದ. ಸದ್ದು ಅದೇ, ಕೆಲಸ ಬೇರೆ, ಕಲಿಕೆಯ ಹೊತ್ತೂ ಬೇರೆ. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಂಗ್ಲಿಷ್ ಕೇಳುವ ಮಕ್ಕಳಿಗೇ ಹೀಗಿರುವಾಗ, ವಾರಕ್ಕೆ ಕೆಲವು ತಾಸು ಮಾತ್ರ ಆ ಭಾಷೆ ಕಿವಿಗೆ ಬೀಳುವ ನಮ್ಮ ಮಕ್ಕಳು ತಡವರಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ನಾನು ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಹೆಚ್ಚಿನದೇನಲ್ಲ. ಪರೀಕ್ಷೆಯಲ್ಲಿ ಎಸ್ ಬೇಕು, ಕೆಲಸದ ಅರ್ಜಿಯಲ್ಲಿ ಬೇಕು, ಇಂಟರ್‌ವ್ಯೂನಲ್ಲೂ ಬೇಕು, ಆದ್ದರಿಂದ 'ಹಿ ಸಿಂಗ್' ಎಂದು ಬರೆದ ಮಗುವನ್ನು ತಿದ್ದಲೇಬೇಕು. ಆದರೆ ತರಗತಿಯ ಮುಂದೆ ನಿಲ್ಲಿಸಿ ನಗಬೇಡಿ. ನಾರ್ವಿಚ್‌ನಲ್ಲಿ ಹುಟ್ಟಿ ಬೆಳೆದವರೂ ಹಾಗೆ ಮಾತಾಡುತ್ತಾರೆ. ನಿಯಮ ಹೇಳುವಾಗ ಬಹುವಚನದಿಂದ ಶುರುಮಾಡದೆ, ಎಸ್ ಹೊತ್ತು ಒಂಟಿಯಾಗಿ ನಿಂತ ಆ ಒಂದು ಜಾಗದಿಂದ ಶುರುಮಾಡಿ. ಬೋಳು ರೂಪ ಕಂಡಲ್ಲೆಲ್ಲ ಏಕವಚನ ಹಾಕಿ ನೋಡಲು ಮಕ್ಕಳಿಗೆ ಅಭ್ಯಾಸ ಮಾಡಿಸಿ. ಎಸ್ ಬಂದರೆ ಅದು ಕರ್ತೃವಿನ ಕ್ರಿಯಾಪದ, ಬರದಿದ್ದರೆ ಇನ್‌ಫಿನಿಟಿವ್. ಇನ್ನೂ ಅನುಮಾನವಿದ್ದರೆ 'ಬಿ' ಇದ್ದೇ ಇದೆ. ಮುಖ್ಯವಾಗಿ, ಮಗು "ಯಾಕೆ ಹೀಗೆ?" ಎಂದು ಕೇಳಿದಾಗ "ಅದು ರೂಲ್, ಬಾಯಿಪಾಠ ಮಾಡು" ಎಂದು ಕೂರಿಸಬೇಡಿ. ಆ ಪ್ರಶ್ನೆಗೆ ಉತ್ತರವಿದೆ, ಸಾವಿರ ವರ್ಷದ ಕತೆಯಿದೆ, ಹತ್ತು ನಿಮಿಷದಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಬಹುದು. ಕಾರಣ ತಿಳಿದು ಕಲಿತ ವ್ಯಾಕರಣ ಪರೀಕ್ಷೆ ಮುಗಿದ ಮೇಲೂ ಜೊತೆಗಿರುತ್ತದೆ, ಮತ್ತು ಇಂಗ್ಲಿಷ್ ತನ್ನ ಬುದ್ಧಿಗೆ ನಿಲುಕುವ ಭಾಷೆ ಎಂಬ ಧೈರ್ಯವನ್ನು ಆ ಮಗುವಿಗೆ ಕೊಡುತ್ತದೆ.